ಮೂರನೇ ಬಟ್ಟಲ ಜೋಡಿ

ಮೂವತ್ತು ವರ್ಷದ ನಂಟಿನಲ್ಲಿ ನಮ್ಮ ಬಾವ ಹುಲುಗಪ್ಪ ನನ್ನನ್ನ ಬೈದಿದ್ದು ಎರಡೇ ಸಲ. ಎರಡೂ ಹೋದ ತಿಂಗಳೇ, ಎರಡೂ ಫೋನಲ್ಲೇ.

"ಏನಪ್ಪ ನರಸಿಂಹಪ್ಪ, ನೀ ಪಾರ್ಟ್ ಕಳಿಸೀಯೋ, ಕಸ ಕಳಿಸೀಯೋ? ನಾಗವೇಣಿ ಜೀಪು ಮತ್ತ ಕರೀ ಹೊಗಿ ಉಗುಳಾಕತ್ತೈತಿ. ಪರೀಕ್ಷೆದಾಗ ಎರಡನೇ ಸಲ ಫೇಲು!"

ನನಗೂ ಮೂಗಿನ ತುದೀಲೇ ಕೋಪ. "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ, ಹಂಗಾಯ್ತು ಬಾವ ನಿಮ್ ಮಾತು" ಅಂದುಬಿಟ್ಟೆ. ಬಾವ ಫೋನ್ ಕಟ್ ಮಾಡಿದರು.

ಮಡಕಶಿರ ಬಸ್ ಸ್ಟ್ಯಾಂಡಿನ ಹಿಂದೆ ನಂದು ಗುಜರಿ ಅಂಗಡಿ. ಓಡೋದು ನಿಂತುಹೋದ ಗಾಡಿಗಳನ್ನ ತಂದು ಬಿಚ್ಚಿ, ಇನ್ನೂ ಜೀವ ಇರೋ ಸಾಮಾನನ್ನ ಬೇರೆ ತೆಗೆದಿಡ್ತೀನಿ. ಅಂಬಾಸಿಡರ್ ಬಾಗಿಲು ಬೇಕು, ಜೀಪಿನ ಗೇರ್ ಬಾಕ್ಸ್ ಬೇಕು ಅಂತ ಸಿರಾ, ಪಾವಗಡದಿಂದ ಕೂಡ ಹುಡುಕ್ಕೊಂಡು ಬರ್ತಾರೆ. ಯಾವ ಗಾಡಿ ಬಂದ್ರೂ ನಾನು ಮೊದಲು ಬಿಚ್ಚೋದು ಡೀಸೆಲ್ ಪಂಪು. ಅದನ್ನ ಗೋಣಿ ಚೀಲಕ್ಕೆ ಹಾಕಿ ರಾಯದುರ್ಗಕ್ಕೆ ಹೋಗೋ ಬಸ್ಸಿಗೆ ಏರಿಸ್ತೀನಿ, ಬಾವನಿಗೆ.

ರಾಯದುರ್ಗದ ಬಳ್ಳಾರಿ ರಸ್ತೇಲಿ ಬಾವನದು ತಗಡಿನ ಅಂಗಡಿ. ಬೋರ್ಡು ಇಲ್ಲ. "ಪಂಪ್ ಹುಲುಗಪ್ಪ" ಅಂದ್ರೆ ಸಾಕು, ಚಾ ಅಂಗಡಿಯವನೂ ಕೈ ತೋರಿಸ್ತಾನೆ. ಬಳ್ಳಾರೀಲಿ ಒಬ್ಬ ಉಸ್ತಾದರ ಹತ್ರ ಹನ್ನೊಂದು ವರ್ಷ ದುಡಿದು ಕಲಿತ ವಿದ್ಯೆ. ಈಗ ಬರೋ ಗಾಡಿಗಳೆಲ್ಲ ಕಂಪ್ಯೂಟರಿನವು, ಅವುಗಳ ಕಡೆ ಬಾವ ತಿರುಗಿ ಕೂಡ ನೋಡಲ್ಲ. ಇಪ್ಪತ್ತು, ಇಪ್ಪತ್ತೈದು ವರ್ಷದ ಹಳೇ ಜೀಪು, ಟೆಂಪೋ, ಕಾರು, ಇವೇ ಅವರ ಗಿರಾಕಿಗಳು. ಅವಕ್ಕೆ ಹೊಸ ಪಾರ್ಟು ಬರೋದು ನಿಂತು ಎಷ್ಟೋ ಕಾಲ ಆಯ್ತು. ಹಳೇದರಿಂದ ಹಳೇದನ್ನ ಬದುಕಿಸಬೇಕು.

ಪಂಪು ಅಂದ್ರೆ ಎಂಜಿನ್ನಿಗೆ ಡೀಸೆಲ್ಲನ್ನ ಅಳೆದು ಉಣಿಸೋ ಯಂತ್ರ. ಅದರೊಳಗೆ ನಾಲ್ಕು ಜೋಡಿ ಇರ್ತವೆ. ಬೆರಳಿಗಿಂತ ಸಣ್ಣ ಉಕ್ಕಿನ ಪ್ಲಂಜರು, ಅದು ಕೂರೋ ಬ್ಯಾರಲ್ಲು. ಎರಡನ್ನೂ ಒಂದಕ್ಕೊಂದು ಉಜ್ಜಿ ಉಜ್ಜಿ ಜೊತೆ ಮಾಡಿರ್ತಾರೆ, ನಡುವೆ ಕೂದಲು ತೂರಲ್ಲ. ಜೋಡಿ ಕೆಟ್ಟಿದ್ರೆ ಲೆಕ್ಕ ತಪ್ಪಿ ಡೀಸೆಲ್ ಹೋಗಿ ಕರೀ ಹೊಗೆ ಬರ್ತೈತೆ. ಚೆನ್ನಾಗೈತಾ ಇಲ್ವಾ ಅಂತ ಬಾವ ನೋಡೋ ರೀತಿ ಒಂದೇ. ಜೋಡೀನ ಡೀಸೆಲ್ಲಲ್ಲಿ ತೊಳೆದು, ಓರೆಯಾಗಿ ಹಿಡಿದು, ಪ್ಲಂಜರನ್ನ ಮೂರರಲ್ಲಿ ಒಂದು ಪಾಲು ಮೇಲಕ್ಕೆ ಎಳೆದು ಬಿಡೋದು. ಅದು ತನ್ನ ಭಾರಕ್ಕೆ ತಾನೇ ನಿಧಾನಕ್ಕೆ ಇಳೀಬೇಕು. ನಡುವೆ ಎಲ್ಲೋ ಒಂದು ಕಡೆ ಚೂರು ತಡೆದ್ರೂ ಬೆರಳಿಗೆ ಗೊತ್ತಾಗಬೇಕು. ಕಣ್ಣಿಗೆ ಕಾಣಲ್ಲ ಅದು. ಹಿಂಗೆ ಆರಿಸಿದ ನಾಲ್ಕು ಜೋಡೀನ ನಾಲ್ಕು ಸ್ಟೀಲ್ ಬಟ್ಟಲಿಗೆ ಹಾಕಿ, ಕಡೇ ತೊಳೆತಕ್ಕೆ ಅಕ್ಕನ ಕೈಗೆ ಕೊಡ್ತಾರೆ. ನಮ್ಮಕ್ಕ ಮೀನಾಕ್ಷಿ ತೊಳೆದು ತಂದ ಮೇಲೇ ಪಂಪಿಗೆ ಕೂರಿಸೋದು. ಮದುವೆಯಾದಾಗಿಂದ ಇದೇ ಪದ್ಧತಿ.

ಇನ್ನು ಆ ನಾಗವೇಣಿ ಜೀಪಿನ ಕಥೆ. ನಾಗವೇಣಿ ಗಟ್ಟಿಗಿತ್ತಿ. ಅಪ್ಪ ಬಿಟ್ಟುಹೋದ ಜೀಪನ್ನ ತಾನೇ ಓಡಿಸ್ತಾಳೆ. ಶನಿವಾರ ಬಂದ್ರೆ ನೇಮಕಲ್ಲು ಆಂಜನೇಯನಿಗೆ ಜನ ತುಂಬಿಕೊಂಡು ಹೋಗ್ತಾಳೆ, ಉಳಿದ ದಿನ ಸಂತೆ, ಆಸ್ಪತ್ರೆ, ಮದುವೆ. ಈ ಸಲ ಕಾಲು ಮುರಿದುಕೊಂಡು ಮೂರು ತಿಂಗಳು ಮನೇಲಿದ್ದಳು, ಜೀಪೂ ನಿಂತಿತ್ತು. ಅದಕ್ಕೆ ಮುಂಚೆ, ಉಗಾದಿ ದಿನ, ಅವರಮ್ಮ ಉಜ್ಜಿನಮ್ಮ ಮನೇವರಿಗೆಲ್ಲ ಎಣ್ಣೆ ನೀರು ಹಾಕಿ, "ನಮಗ ಅನ್ನ ಹಾಕೂದು ಅದಽ ಅಲ್ಲೇನು, ಅದಕ್ಯಾಕ ಇಲ್ಲ?" ಅಂತ ಜೀಪಿನ ಟ್ಯಾಂಕಿಗೆ ಒಂದು ಚೊಂಬು ಶೇಂಗಾ ಎಣ್ಣೆ ಹುಯ್ದುಬಿಟ್ಟಿದ್ದಾಳೆ! ಗಾಣದ ಎಣ್ಣೆ ಬೇರೆ. ಎರಡು ದಿನ ಓಡಿ ಜೀಪು ನಿಂತ ಮೇಲೆ ಆ ಎಣ್ಣೆ ಪಂಪಿನೊಳಗೆ ಅಂಟಾಗಿ, ಅಂಟು ಗಟ್ಟಿಯಾಗಿ, ನಾಲ್ಕೂ ಪ್ಲಂಜರು ಕಚ್ಚಿಕೊಂಡವು.

ಬಾವ ಮೂರು ದಿನ ನೆನೆಹಾಕಿ, ಬಿಸಿ ಮಾಡಿ, ಬೇವಿನ ಕಟ್ಟಿಗೆಯಿಂದ ತಟ್ಟಿ ತಟ್ಟಿ ಬಿಡಿಸಿದರು. ಎರಡು ಜೋಡಿ ಉಳಿದವು, ಎರಡು ಹೋದವು. ಅವೆರಡಕ್ಕೆ ನಾನು ಕಳಿಸಿದ ಹಳೇ ಪಂಪುಗಳಿಂದ ಆರಿಸಿ ಹಾಕಿದರು. ಜೀಪು ಓಡಿತು, ಹೊಗೆ ಪರೀಕ್ಷೆಯಲ್ಲಿ ಮಾತ್ರ ಬಿತ್ತು. ಬಿಚ್ಚಿ ಬೇರೆ ಜೋಡಿ ಹಾಕಿದರು. ಮತ್ತೂ ಬಿತ್ತು. ಗಾಡಿ ಇನ್ನೂ ಓಡಬಹುದು ಅನ್ನೋ ಎಫ್‌ಸಿ ಕಾಗದದ ಗಡುವು ಗುರುವಾರಕ್ಕೆ ಮುಗೀತಿತ್ತು. ಹೊಗೆ ನಿಲ್ಲದಿದ್ರೆ ಆ ಜೀಪು ನನ್ನಂಥ ಗುಜರಿಯವನ ಪಾಲು, ನಾಗವೇಣಿ ಮನೆ ಪಾಲು.

ಎರಡನೇ ಬೈಗುಳ ಆದ ಮೂರು ದಿನಕ್ಕೆ ಬಾವನೇ ಮತ್ತೆ ಫೋನ್ ಮಾಡಿದರು. ದನಿ ಸೋತಿತ್ತು. "ಇನ್ನೊಂದು ಪಂಪು ತಗೊಂಡು ನೀನಽ ಬಾರಪ್ಪ. ಮೂವತ್ತೈದು ವರ್ಷದಾಗ ನನ್ನ ಕೈಯಾಗಿಂದ ಹೋದ ಪಂಪು ವಾಪಸ್ ಬಂದಿದ್ದಿಲ್ಲ. ಈ ಸಲ ಹೊಗಿ ಬಂತಂದ್ರ ಶೆಟ್ಟರ್ ಎಳದುಬಿಡ್ತೀನಿ. ಸಾಕಾಗೈತಿ." ಬಾವನ ಬಾಯಲ್ಲಿ ಸಾಕು ಅನ್ನೋ ಮಾತು ನಾನು ಕೇಳಿದ್ದೇ ಇಲ್ಲ. ನಾನಂದಿದ್ದ ಆ ಕುಣೀಲಾರದ ಮಾತು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಅಕ್ಕ ಒಂದು ತಿಂಗಳಿಂದ ಅಮರಾಪುರದಲ್ಲಿದ್ದಳು, ಮಗಳು ಮಮತಾಳ ಎರಡನೇ ಬಾಣಂತನಕ್ಕೆ. ನಾನು ರಾಯದುರ್ಗಕ್ಕೆ ಹೋಗ್ತೀನಿ ಅಂತ ಹೇಳಿದ್ದೇ ತಡ, ಕೂಸಿಗೆ ನೀರು ಹಾಕೋದನ್ನ ಬೀಗಿತ್ತಿಗೆ ಒಪ್ಪಿಸಿ ಬೆಳಗಿನ ಬಸ್ಸಿಗೇ ಮಡಕಶಿರಕ್ಕೆ ಬಂದಿಳಿದಳು. ಪಾವಗಡ, ಕಲ್ಯಾಣದುರ್ಗ ಅಂತ ಬಸ್ಸು ಬದಲಿಸಿ ಬದಲಿಸಿ ಹೋಗೋವಾಗ, ಗೋಣಿ ಚೀಲದ ಪಂಪು ನನ್ನ ಕಾಲ ಹತ್ರ, ಅಕ್ಕ ಕಿಟಕಿ ಹತ್ರ.

"ಎರಡ್ ಸಲ ಫೇಲಾಯ್ತಾ?" ಅಂತ ಕೇಳಿದಳು.

"ಹೂಂ. ನನ್ ಸಾಮಾನು ಕಸ ಅಂತೆ."

"ನಿನ್ ಸಾಮಾನಲ್ಲ ಕಣೋ" ಅಂದಳು. ಸೆರಗಿನ ತುದಿ ಬಾಯಿಗಿಟ್ಟುಕೊಂಡು ರಾಯದುರ್ಗದ ತನಕ ಹೊರಗೇ ನೋಡ್ತಾ ಕೂತಳು. ಮಗಳ ಮನೇಲಿ ನಿದ್ದೆಗೆಟ್ಟು ಸುಸ್ತಾಗವಳೆ ಅಂದುಕೊಂಡೆ ನಾನು, ಹೆಡ್ಡ.

ಬಾವ ಒಂದು ತಿಂಗಳಲ್ಲಿ ಇಳಿದುಹೋಗಿದ್ದರು. ಅಂಗಡಿ ಮುಂದೆ ನಾಗವೇಣಿ ಜೀಪಿನ ಪಕ್ಕ ಕೂತಿದ್ದಳು. "ನಾಳಿಗಿ ಆಗತೈತೇನ್ರಿ ಮೇಸ್ತ್ರಿ?" ಅಂದಳು. "ನೋಡಮ್ಮ" ಅಂದರು ಬಾವ. ಆಗ್ತೈತೆ ಅನ್ನಲಿಲ್ಲ. ನಾನು ತಂದ ಪಂಪು ಬಿಚ್ಚಿ, ಜೋಡಿಗಳನ್ನ ಒಂದೊಂದಾಗಿ ಎತ್ತಿ ಬಿಟ್ಟು, ಎತ್ತಿ ಬಿಟ್ಟು ನೋಡಿದರು. ಎಷ್ಟು ಸಲ! ಮೊದಲೆಲ್ಲ ಒಂದು ಸಲಕ್ಕೇ ಆಗ್ತಿತ್ತು. ಹಣೆ ಮೇಲೆ ಬೆವರು. ಕೊನೆಗೆ ನಾಲ್ಕು ಬಟ್ಟಲಿಗೆ ಹಾಕಿ, ಬೆನ್ನು ತಿರುಗಿಸಿ ಒಂದಷ್ಟು ಹೊತ್ತು ಏನೋ ಮಾಡಿ, ಅಕ್ಕನ ಕೈಗೆ ಕೊಟ್ಟರು.

ತೊಳೆಯೋ ಜಾಗ ಅಂಗಡಿ ಹಿಂದುಗಡೆ. ನಾನು ಎಲೆ ಅಡಿಕೆ ಕೇಳೋಣ ಅಂತ ಹೋದೆ. ಅಕ್ಕ ಮಣೆ ಮೇಲೆ ಕೂತು ಮೂರನೇ ಬಟ್ಟಲಿನ ಪ್ಲಂಜರನ್ನ ಎಳೆದು ಬಿಟ್ಟಳು. ಕಣ್ಣು ಮುಚ್ಚಿಕೊಂಡಿದ್ದಳು. ಮತ್ತೊಮ್ಮೆ ಎಳೆದು ಬಿಟ್ಟಳು. ಆಮೇಲೆ ಆ ಜೋಡೀನ ಎತ್ತಿ ಸೊಂಟದ ಎಲೆ ಚೀಲಕ್ಕೆ ಹಾಕಿಕೊಂಡು, ಪಕ್ಕದ ಹಳೇ ಸಾಮಾನಿನ ಪೆಟ್ಟಿಗೆಯಿಂದ ಇನ್ನೊಂದು ಜೋಡಿ ಆರಿಸಿ, ನೋಡಿ, ಬಟ್ಟಲಿಗೆ ಇಟ್ಟಳು. ತಲೆ ಎತ್ತಿದ್ರೆ ಎದುರಿಗೆ ನಾನು.

"ಅಯ್ಯೋ ಶಿವನೆ! ಏನಕ್ಕ ಇದು?"

"ಮೆತ್ತಗೆ ಮಾತಾಡೋ ಬೇಕೂಫ" ಅಂದಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. "ಅವರ ಬೆರಳಲ್ಲಿ ಏನೂ ಇಲ್ಲ ಕಣೋ ಈಗ. ಸಕ್ರೆ ಕಾಯಿಲೆ ತಿಂದುಬಿಟ್ಟೈತೆ. ಎರಡು ವರ್ಷದ ಹಿಂದೆ ಸುಡೋ ಚಾ ಲೋಟ ಕೊಟ್ಟೆ, ನಂಗೆ ಹಿಡಿಯೋಕಾಗ್ಲಿಲ್ಲ, ಅವರು ಸುಮ್ನೆ ಹಿಡ್ಕೊಂಡು ಕೂತಿದ್ರು. ಬೆರಳು ಬೊಬ್ಬೆ ಎದ್ದಿದ್ದು ಮಾರನೇ ದಿನ ನೋಡ್ಕೊಂಡ್ರು. ಆವತ್ತಿಂದ ತೊಳೆಯೋವಾಗ ನಾನು ನೋಡ್ತೀನಿ. ಕೆಟ್ಟಿದ್ರೆ ಬದಲಾಯಿಸ್ತೀನಿ."

ನಮ್ಮಕ್ಕ ಮದುವೆಗೆ ಮುಂಚೆ ಊರಲ್ಲಿ ರೇಷ್ಮೆ ನೂಲು ಬಿಚ್ತಿದ್ದೋಳು. ಕುದಿಯೋ ನೀರಲ್ಲಿ ಗೂಡು ಹಾಕಿ, ಕಣ್ಣಿಗೆ ಕಾಣದ ಎಳೆ ಎಲ್ಲಿ ತುಂಡಾಯ್ತು ಅಂತ ಬೆರಳಲ್ಲೇ ಹಿಡೀತಿದ್ದೋಳು. ಅವಳಿಗೆ ಪ್ಲಂಜರಿನ ತಡೆ ಯಾವ ಲೆಕ್ಕ? ಆದರೂ ನನಗೆ ಸಿಟ್ಟೇ ಬಂತು. "ಹೇಳಬಾರದಿತ್ತಾ? ಎರಡು ವರ್ಷ ಹೊತ್ಕೊಂಡು ಕೂತಿದ್ದೀಯಲ್ಲ!"

"ಹೇಳಿದ್ರೆ ಆವತ್ತೇ ಬಿಟ್ಬಿಡ್ತಿದ್ರು. ಬಿಟ್ಟು ಗೋಡೆ ನೋಡ್ತಾ ಕೂತ್ಕೊಳ್ಳೋ ಜೀವಾನಾ ಅದು? ನಂಗೂ ಸಾಕಾಗೈತಪ್ಪ. ಮೊಮ್ಮಗೂನ ಎತ್ಕೊಂಡ್ರೂ ಮನಸ್ಸು ಈ ಬಟ್ಟಲಲ್ಲೇ ಇತ್ತು." ಮುಖ ಒರೆಸಿಕೊಂಡು ನಾಲ್ಕು ಬಟ್ಟಲು ಜೋಡಿಸಿ ಎತ್ತಿಕೊಂಡು ಒಳಗೆ ಹೋದಳು.

ಬಾವ ಮೂರನೇ ಬಟ್ಟಲಿನ ಪ್ಲಂಜರನ್ನ ಭೂತಗನ್ನಡಿ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಪಂಪು ಜೋಡಿಸಿದರು. ಸಂಜೆಗೆ ಜೀಪಿಗೆ ಕೂರಿಸಿ, ನಾಗವೇಣಿಗೆ "ಹೋಗಿ ಬಾರಮ್ಮ" ಅಂದರು. ಆ ರಾತ್ರಿ ಅವರು ಊಟ ಬೇಡ ಅಂದಿದ್ದನ್ನ ನಾನು ಹೆದರಿಕೆ ಅಂದುಕೊಂಡೆ.

ಮಾರನೇ ದಿನ ಗುರುವಾರ. ನಾನೂ ಅಕ್ಕನೂ ಅಂಗಡೀಲೇ ಕೂತಿದ್ವಿ. ಬಾವ ಕಲ್ಯಾಣದುರ್ಗದಿಂದ ಬಂದಿದ್ದ ಇನ್ನೊಂದು ಪಂಪು ಬಿಚ್ಚುತ್ತಿದ್ದರು. ರಸ್ತೇಲಿ ಯಾವ ಗಾಡಿ ಸದ್ದಾದ್ರೂ ನಾನು ಎದ್ದು ಬಾಗಿಲಿಗೆ ಬಂದು ನೋಡ್ತಿದ್ದೆ. ಬಾವ ಮಾತ್ರ ತಲೆ ಎತ್ತಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಜೀಪು ಬಂತು. ಹಿಂದೆ ಹೊಗೆ ಇಲ್ಲ. ನಾಗವೇಣಿ ಕಾಗದ ಎತ್ತಿ ಹಿಡಿದುಕೊಂಡೇ ಇಳಿದಳು.

"ಪಾಸಾತ್ರಿ ಮೇಸ್ತ್ರಿ! ನಿಮ್ಮ ಕೈಯಾಗ ಆಂಜನೇಯ ಅದಾನ ನೋಡ್ರಿ!"

"ನನ್ನ ಕೈಯಾಗ ಯಾರೂ ಇಲ್ಲಮ್ಮ" ಅಂದರು ಬಾವ. ಆಮೇಲೆ ಅಕ್ಕನ ಕಡೆ ತಿರುಗಿದರು. "ಮೀನಾಕ್ಷಿ, ನಿನ್ನೆ ಮೂರನೇ ಬಟ್ಟಲದಾಗ ನಾ ಇಟ್ಟಿದ್ದು ಎರಡನೇ ಸಲ ಫೇಲಾದ ಜೋಡಿ. ಬೇಕಂತನಽ ಅರದಿಂದ ಒಂದು ಗೀರು ಹಾಕಿ ಇಟ್ಟಿದ್ದೆ. ತೊಳದು ತಂದಾಗ ಗೀರು ಇದ್ದಿಲ್ಲ. ಅದು ಎಲ್ಲೈತಿ?"

ನಾಗವೇಣಿ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ.

"ನೀ ಊರಾಗಿಲ್ಲದ ತಿಂಗಳಽ ಎರಡು ಸಲ ಫೇಲಾತು. ಅಷ್ಟೂ ತಿಳಿಯಂಗಿಲ್ಲೇನು ನನಗ? ಎಷ್ಟು ದಿನದಿಂದ?"

ಅಕ್ಕ ಹಿಂದುಗಡೆ ಹೋಗಿ, ತೊಳೆಯೋ ಜಾಗದ ಅಟ್ಟದಿಂದ ಒಂದು ಹಿಂಡಾಲಿಯಂ ಡಬ್ಬಿ ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲೆ ಇಟ್ಟಳು. ಎರಡು ಸೇರು ಅಕ್ಕಿ ಹಿಡಿಯೋ ಡಬ್ಬಿ. ಬಾವ ಮತ್ತೆ ಕೈಗೆತ್ತಿಕೊಳ್ಳಬಾರದು ಅಂತ ಕೆಟ್ಟ ಜೋಡಿಗಳನ್ನೆಲ್ಲ ಅದಕ್ಕೆ ಹಾಕಿಟ್ಟಿದ್ದಳು. ಮೇಲುಗಡೆ ಗೀರು ಹಾಕಿದ ಪ್ಲಂಜರು ಇತ್ತು. ಡಬ್ಬಿ ಅಂಚಿನ ತನಕ ತುಂಬಿತ್ತು.

"ಇಷ್ಟೂನಾ?" ಅಂದರು ಬಾವ.

"ಹೂಂ."

ಬಾವ ಡಬ್ಬಿಯನ್ನೇ ನೋಡ್ತಾ ಕೂತರು. ಆ ಮನುಷ್ಯ ಅಳೋದನ್ನ ನಾನು ಅವರಪ್ಪ ಸತ್ತಾಗಲೂ ನೋಡಿರಲಿಲ್ಲ, ಆಗ ನೋಡಿದೆ. ಈಗ ಎದ್ದು ಶೆಟ್ಟರ್ ಎಳೀತಾರೆ ಅಂದುಕೊಂಡೆ. ಅಕ್ಕನೂ ಹಂಗೇ ಅಂದುಕೊಂಡಳು ಅಂತ ಕಾಣ್ತದೆ, "ತಪ್ಪಾಯ್ತು ಕಣ್ರೀ, ಬಿಡ್ಬೇಡಿ" ಅಂದಳು.

ಬಾವ ಎದ್ದರು. ಮೇಜಿನ ಈಚೆ ಕಡೆ ತಮ್ಮ ಸ್ಟೂಲಿನ ಪಕ್ಕ ಇನ್ನೊಂದು ಸ್ಟೂಲು ಎಳೆದು ಹಾಕಿದರು. ಕಲ್ಯಾಣದುರ್ಗದ ಪಂಪಿನ ಒಂದು ಜೋಡಿ ತೆಗೆದು, ನಾಗವೇಣಿ ನೋಡ್ತಿದ್ದ ಹಂಗೇ, ಅಕ್ಕನ ಮುಂದೆ ಹಿಡಿದರು.

"ಇದು ಹೆಂಗೈತಿ ನೋಡು."

ಅಕ್ಕ ಸೆರಗಲ್ಲಿ ಕೈ ಒರೆಸಿಕೊಂಡು ಕೂತಳು. ಎಳೆದು ಬಿಟ್ಟಳು. ಕಣ್ಣು ಮುಚ್ಚಿದಳು. "ತಡೀತೈತೆ" ಅಂದಳು.

"ಎಲ್ಲಿ?"

"ಅರ್ಧಕ್ಕಿಂತ ಒಂಚೂರು ಕೆಳಗೆ."

ಬಾವ ಅದನ್ನ ವಾಪಸ್ ಇಸ್ಕೊಂಡು ತಾವೇ ಡಬ್ಬಿಗೆ ಹಾಕಿದರು. ಡಬ್ಬೀಲಿ ಜಾಗ ಇರಲಿಲ್ಲ, ಜಾರಿ ಮೇಜಿನ ಮೇಲೆ ಬಿತ್ತು. "ನರಸಿಂಹಪ್ಪ," ಅಂದರು, "ಈ ಡಬ್ಬಿ ನಿನ್ನ ಗುಜರಿಗೆ ಒಯ್ಯಪ್ಪ. ಇನ್ನೊಂದು ಡಬ್ಬಿ ಬೇಕಾಗತೈತಿ."