ತೇವ ತೊಂಬತ್ತೆರಡು

2022ರಲ್ಲಿ ನಾನು ಮೈಸೂರಿನ ದಟ್ಟಗಳ್ಳಿಯ ಪುಟ್ಟ ಕಂಪನಿಯೊಂದರಲ್ಲಿ ಹಿರಿಯ ಇಂಜಿನಿಯರ್. ಪಾಲಿಹೌಸ್‌ಗಳಿಗೆ, ಅಂದರೆ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಗಳಿಗೆ, ಸೆನ್ಸರ್ ಕೂರಿಸುವುದು ನಮ್ಮ ಕಸುಬು. ಕಡಕೊಳದ ಹತ್ತಿರ ಗಿರಿಜಾ ಎಂಬುವರ ಪಾಲಿಹೌಸ್‌ಗೂ ಕೂರಿಸಿದ್ದೆವು. ಅವರ ತಂದೆ ಶಿವಪ್ಪನವರ ತೋಟದ ರಸಬಾಳೆಯನ್ನು ಸೊರಗು ರೋಗ ನುಂಗಿತ್ತು. ರೋಗ ತಗಲದ ಒಂದೇ ಬಾಳೆಕಂದಿನಿಂದ ಲ್ಯಾಬ್‌ನಲ್ಲಿ ಬೆಳೆಸಿದ ಎಳೆಯ ಸಸಿಗಳು ಆಗಷ್ಟೇ ಬಾಟಲಿಯಿಂದ ಟ್ರೇಗೆ ಬಂದಿದ್ದವು. ಆ ಮನೆಯ ತಳಿ ಉಳಿದಿದ್ದುದು ಅಲ್ಲಿ ಮಾತ್ರ. ಲ್ಯಾಬ್‌ನಲ್ಲೂ ಬೇರೆ ಬಾಟಲಿ ಇರಲಿಲ್ಲ.

ಇಂಥ ಸಸಿಗೆ ಗಾಳಿಯ ತೇವವೇ ಜೀವ. ತೇವ ಶೇಕಡ ಎಂಬತ್ತೈದಕ್ಕಿಂತ ಇಳಿದರೆ ಸೆನ್ಸರ್ ಸುದ್ದಿ ಕಳುಹಿಸುತ್ತದೆ, ಮಂಜಿನಂತೆ ನೀರು ಸಿಂಪಡಿಸುವ ಪಂಪು ತಾನಾಗಿ ಶುರುವಾಗುತ್ತದೆ. ಬ್ಯಾಟರಿ ಉಳಿಸಲು ಸೆನ್ಸರ್ ಹೆಚ್ಚು ಹೊತ್ತು ನಿದ್ದೆ ಮಾಡುತ್ತದೆ. ಎದ್ದು ಅಳೆದಾಗ ಸಂಖ್ಯೆ ಬದಲಾಗಿದ್ದರೆ ಮಾತ್ರ ಬಾಯಿ ಬಿಡುತ್ತದೆ. ಸುಮ್ಮನಿದ್ದರೆ ಎಲ್ಲ ಸರಿಯಾಗಿದೆ ಎಂದು ಲೆಕ್ಕ.

ಆಯುಧಪೂಜೆಯ ದಿನ ಮೈಸೂರಿನವರ ಕೈಗೆ ಸಿಕ್ಕ ಯಂತ್ರದ ಹಣೆ ಬೋಳಾಗಿ ಉಳಿದದ್ದುಂಟೇ? ಶಿವಪ್ಪನವರು ಪಂಪು, ಕತ್ತರಿಗಳ ಜೊತೆ ಸೆನ್ಸರನ್ನೂ ತೊಳೆದು, ಅದರ ಗಾಳಿಯಾಡುವ ಜಾಲರಿಯ ಮೇಲೆಯೇ ಮೂರು ಬೆರಳಲ್ಲಿ ವಿಭೂತಿ ಎಳೆದು ಗಂಧ ಹಚ್ಚಿದರು. ಪೂಜೆಯಾದ ಆಯುಧವನ್ನು ಅವರ ಮನೆಯಲ್ಲಿ ವಿಜಯದಶಮಿ ಮುಗಿಯುವವರೆಗೆ ಯಾರೂ ಮುಟ್ಟುವುದಿಲ್ಲ. ಬಾಗಿಲು ಹಾಕಿ ಹಬ್ಬಕ್ಕೆ ಹೋದರು. ಗಿರಿಜಾ ಆಗಾಗ ಮೊಬೈಲ್ ನೋಡಿದರು: ತೇವ 92. ಹೊರಗೆ ಸುಡು ಬಿಸಿಲಿತ್ತು.

ವಿಜಯದಶಮಿಯ ಮಾರನೆಯ ದಿನ ಫೋನ್ ಬಂತು. ಹೋಗಿ ನೋಡಿದರೆ ಸಸಿಗಳೆಲ್ಲ ಬಾಡಿ ಟ್ರೇಗೆ ಅಂಟಿಕೊಂಡಿದ್ದವು. ಒಂದೂ ಬದುಕಿರಲಿಲ್ಲ.

"ಇಲ್ನೋಡಿ ಸಾರ್," ಗಿರಿಜಾ ಮೊಬೈಲ್ ಚಾಚಿದರು. "ಈಗ್ಲೂ ತೊಂಬತ್ತೆರಡು ಅಂತಾನೇ ತೋರಿಸ್ತಿದೆ."

ಸೆನ್ಸರ್ ಬಿಚ್ಚಿದೆ. ಜಾಲರಿಯ ಮೇಲೆ ವಿಭೂತಿ, ಗಂಧ ಗಟ್ಟಿಯಾಗಿ ಕೂತು, ತೊಳೆದ ನೀರಿನ ತೇವ ಒಳಗೇ ಸಿಕ್ಕಿಕೊಂಡಿತ್ತು. ಪಾಪ, ಅದು ತನ್ನ ಹೊಟ್ಟೆಯೊಳಗಿನ ಗಾಳಿಯನ್ನೇ ನಿಷ್ಠೆಯಿಂದ ಅಳೆಯುತ್ತ ಕೂತಿತ್ತು. ಗಿರಿಜಾಗೂ ಅರ್ಥವಾಯಿತು.

"ಅಪ್ಪಾಜಿಗೆ ಹೇಳ್ಬೇಡಿ ಸಾರ್, ತಡ್ಕೊಳಲ್ಲ. ಬ್ಯಾಟರಿ ಹೋಗಿತ್ತು ಅಂದ್ಬುಡಿ."

ಅಷ್ಟರಲ್ಲಿ ಶಿವಪ್ಪನವರು ಬಾಗಿಲಿಗೆ ಬಂದರು. ಹಾಗೆಯೇ ಹೇಳಿದೆ. ಅವರು ಬಾಡಿದ ಸಸಿಯೊಂದನ್ನು ಟ್ರೇಯಿಂದ ಬಿಡಿಸಿ ಕೈಗೆತ್ತಿಕೊಂಡರು.

"ಬ್ಯಾಟರಿಗೆ ಪೂಜೆ ಮಾಡೋದು ಮರ್ತ್‌ಬುಟ್ನಲ್ಲಪ್ಪ ನಾನು," ಎಂದರು.

ನನಗೆ ಅಳು ಬಂತು. ಈಗ ಸೆನ್ಸರ್ ಕೂರಿಸಿದಲ್ಲೆಲ್ಲ, ಎಂಥ ಹಬ್ಬವಿದ್ದರೂ ದಿನಕ್ಕೊಮ್ಮೆ ಯಾರಾದರೂ ಒಳಗೆ ಹೋಗಿ ನಿಲ್ಲಲೇಬೇಕೆಂದು ಹಟ ಹಿಡಿಯುತ್ತೇನೆ. ಗಾಳಿ ಒಣಗಿದ್ದರೆ ಕಾಲಿಟ್ಟ ಕೂಡಲೇ ಮೈಗೆ ತಿಳಿಯುತ್ತದೆ. ಅಷ್ಟು ಮಾಡಿದ್ದರೆ ಶಿವಪ್ಪನವರ ರಸಬಾಳೆ ಇವತ್ತೂ ಇರುತ್ತಿತ್ತು.