ಏಳು ಗಂಟಿನ ದಾರ

ಬೇವೂರಿನ ದೇವೇಂದ್ರಪ್ಪನಿಗೆ ಮನೆಯ ಬಂದೂಕೆಂದರೆ ಪ್ರಾಣ. ಬಂದೂಕು ಮಾತ್ರ ಅವನಿಗೆ ಒಮ್ಮೆಯೂ ಒಲಿದಿರಲಿಲ್ಲ. ಕುರಿಹಟ್ಟಿಗೆ ನುಗ್ಗುತ್ತಿದ್ದ ತೋಳಗಳನ್ನು ಅದರಿಂದಲೇ ಹೊಡೆದು ಅವನಪ್ಪ ದೊಡ್ಡಬಸಪ್ಪ ಸುತ್ತ ಹತ್ತೂರಿಗೆ ಹೆಸರಾಗಿದ್ದ. ಮಗ ಹೊಡೆದರೆ ತೋಳ ಒಂದು ಕಡೆ, ಗುಂಡು ಇನ್ನೊಂದು ಕಡೆ. ಅಪ್ಪ ತೀರಿಕೊಂಡು ಹತ್ತು ವರ್ಷವಾದರೂ ಊರವರು ಅವನನ್ನು ನೋಡಿ ಮೀಸೆಯಲ್ಲೇ ನಗುತ್ತಿದ್ದರು. ಆ ನಗೆ ಅವನಿಗೆ ಮುಳ್ಳಾಗಿತ್ತು.

ಸಾವಿರದ ಒಂಬೈನೂರ ನಲವತ್ತೊಂದರ ಬೇಸಿಗೆಯಲ್ಲಿ ಪರವಾನಗಿ ಹೊಸದು ಮಾಡಿಸಲು ಹೋದಾಗ ಕಚೇರಿಯ ಗುಮಾಸ್ತ ಬಂದೂಕನ್ನು ತಿರುಗಿಸಿ ನೋಡಿದ. ಎಲ್ಲೂ ಹೆಸರಿಲ್ಲ. ಹಿಂಬದಿಯ ಹಿಡಿಯ ಕಟ್ಟಿಗೆಯ ಮೇಲೆ ಏಳು ಗೀರು, ಅಷ್ಟೆ.

"ಮಾಡಿದವರ‍್ಯಾರು?"

"ಇರಕಲ್ಲಗಡದ ಓಬಳೆಪ್ಪ ಅಂತಾರ‍್ರಿ."

"ಅಂತಾರ ಅಂದ್ರ ನಡಿಯೂದಿಲ್ಲ. ಎಂಟು ದಿನದಾಗ ಪುರಾವೆ ತಾ. ಇಲ್ಲಂದ್ರ ಬಂದೂಕು ಜಪ್ತಿ."

ಇರಕಲ್ಲಗಡದಲ್ಲಿ ಓಬಳೆಪ್ಪನೂ ಇರಲಿಲ್ಲ, ಅವನ ಕುಲುಮೆಯೂ ಇರಲಿಲ್ಲ. ಕುಲುಮೆಯ ಜಾಗದಲ್ಲಿ ಯಾರದೋ ಬಣವೆ ನಿಂತಿತ್ತು. ಅವನು ಕುಡ, ಕುಡಗೋಲು ಬಿಟ್ಟು ಬೇರೇನೂ ಮಾಡಿದವನಲ್ಲ ಎಂದು ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕ ಆಣೆ ಇಟ್ಟ. ಅವನು ಮಾಡಿದ ಬಂದೂಕು ನವಾಬರ ಅರಮನೆಯಲ್ಲಿದೆ ಎಂದು ಪಕ್ಕದವನು ಕೊಚ್ಚಿಕೊಂಡ. ಓಬಳೆಪ್ಪ ಎಂಬುವನು ಈ ಊರಿನವನೇ ಅಲ್ಲ ಎಂದ ಮೂರನೆಯವನು. ಮೂವರೂ ಒಂದೇ ಓಣಿಯಲ್ಲಿ ಹುಟ್ಟಿ ಬೆಳೆದವರು! ದೇವೇಂದ್ರಪ್ಪನ ತಲೆ ಗಿರ್ರೆಂದಿತು. ನೀರು ಕೊಟ್ಟ ಹೆಂಗಸೊಬ್ಬಳು, ಓಬಳೆಪ್ಪನ ಮಗಳು ತಳಕಲ್ಲಿನಲ್ಲಿದ್ದಾಳೆ ಎಂದದ್ದು ಪುಣ್ಯ.

ಮಗಳ ಹೆಸರು ಕಸ್ತೂರೆಮ್ಮ. ಬಂದೂಕು ಕಂಡೊಡನೆ ಅವಳ ಕಣ್ಣು ತುಂಬಿದವು.

"ನಮ್ಮಪ್ಪನ ಕೈಯಿಂದು ಇದು. ತಡೀರಿ ಅಣ್ಣಾರ."

ಒಳಗಿನಿಂದ ದಾರಗಳ ಚೀಲವೊಂದನ್ನು ತಂದು ಸುರಿದಳು. ಓಬಳೆಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಬಂದೂಕು ಹಿಡಿಯುವವರ ತೋಳಿನ ಅಳತೆಯನ್ನು, ಮೊಣಕೈಯಿಂದ ತೋರುಬೆರಳಿನವರೆಗೆ, ದಾರದಲ್ಲಿ ತೆಗೆದು ಕಟ್ಟಿಗೆಯನ್ನು ಅಷ್ಟಕ್ಕೇ ಕೊರೆಯುತ್ತಿದ್ದ. ದಾರದಲ್ಲಿ ಎಷ್ಟು ಗಂಟೋ ಕಟ್ಟಿಗೆಯ ಮೇಲೆ ಅಷ್ಟು ಗೀರು. ಏಳು ಗಂಟಿನ ದಾರ ಸಿಕ್ಕಿತು. ದೇವೇಂದ್ರಪ್ಪ ಹಿಗ್ಗಿನಿಂದ ಅದನ್ನು ತನ್ನ ತೋಳಿಗೆ ಹಿಡಿದ. ನಾಲ್ಕು ಬೆರಳು ಗಿಡ್ಡ.

"ದಾರ ತಪ್ಪೇತೇನವಾ? ನಮ್ಮಪ್ಪ ನನಗಿಂತ ಎತ್ತರ ಇದ್ದ."

"ತಪ್ಪಿಲ್ರಿ. ನಿಮ್ಮಪ್ಪಾರು ಈ ದಾರ ಮನಿಯಿಂದನ ತಂದಿದ್ರು. ತಮ್ಮ ಕೈ ಅಳೀಲಿಕ್ಕೆ ಕೊಡಲಿಲ್ಲಂತ. ನಮ್ಮಪ್ಪ ಸಾಯೂತನಕ ಇದನ್ನ ಹೇಳ್ತಿದ್ದ."

ಅವಳು ಕೊಟ್ಟ ದಾರ ಹಿಡಿದು ದೇವೇಂದ್ರಪ್ಪ ದಾರಿಯುದ್ದಕ್ಕೂ ಲೆಕ್ಕ ಹಾಕಿದ, ಬಗೆಹರಿಯಲಿಲ್ಲ. ಅಪ್ಪನ ಬಂದೂಕು ಅಪ್ಪನ ತೋಳಿಗೇ ಹೊಂದುವುದಿಲ್ಲವೆಂದರೆ ತೋಳಗಳು ಸತ್ತದ್ದು ಹೇಗೆ?

ಮನೆಯಲ್ಲಿ ತಾಯಿ ಶಂಕ್ರಮ್ಮ ಜೋಳ ಹಸನು ಮಾಡುತ್ತಿದ್ದಳು. ಮಗನ ಕೈಯಲ್ಲಿದ್ದ ದಾರವನ್ನು ನೋಡಿದಳು. ಮೊರ ಕೆಳಗಿಟ್ಟು ಬಲಗೈ ಚಾಚಿದಳು. ಮೊಣಕೈಯಿಂದ ಬೆರಳಿಗೆ ದಾರ ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗಲಿಲ್ಲ.

"ಯವ್ವಾ, ಇದೇನಿದು?"

"ನಿಮ್ಮಪ್ಪಗ ಹತ್ತು ಮಾರಿನಾಚೆ ಕಣ್ಣು ಕಾಣ್ತಿದ್ದಿಲ್ಲಪಾ. ಕುರಿ ಉಳೀಬೇಕಲ್ಲ? ನಾ ಹೊಡೀತಿದ್ದೆ, ಅವರು ಸತ್ತ ತೋಳ ಹೊತ್ಕೊಂಡು ಬರ್ತಿದ್ರು. ಊರಾಗ ಅವರ ಹೆಸರು ಹಂಗ ಇರಲಿ ಬಿಡು."

"ನನಗರ ಹೇಳಬಾರದಿತ್ತೇನು? ಗುರಿ ತಪ್ಪಿದಾಗೊಮ್ಮೆ ನಾ ಅಪ್ಪಗ ಹುಟ್ಟಿದ ಮಗಾನ ಅಲ್ಲ ಅಂತ ಅತ್ತೇನಿ."

ಶಂಕ್ರಮ್ಮ ತಲೆ ತಗ್ಗಿಸಿ ಮತ್ತೆ ಮೊರ ಎತ್ತಿಕೊಂಡಳು.

ಎಂಟನೆಯ ದಿನ ತಾಯಿ, ಮಗ ಇಬ್ಬರೂ ಕಚೇರಿಗೆ ಹೋದರು. ದಾರ ತೋರಿಸದಿದ್ದರೆ ಬಂದೂಕು ಹೋಗುತ್ತದೆ, ತೋರಿಸಿ ಅಳತೆ ಯಾರದೆಂಬ ಮಾತು ಬಂದರೆ ಅಪ್ಪನ ಹೆಸರು. ಗಾಡಿ ಇಳಿಯುವವರೆಗೂ ದೇವೇಂದ್ರಪ್ಪನ ಮನಸ್ಸು ಅತ್ತಿತ್ತ ತೂಗುತ್ತಲೇ ಇತ್ತು. ಗುಮಾಸ್ತ ಗಂಟು, ಗೀರು ಎರಡನ್ನೂ ಎಣಿಸಿದ. ದಾರವನ್ನು ಕಟ್ಟಿಗೆಗೆ ಹಿಡಿದು ಅಳೆದ, ಒಪ್ಪಿದ. ಓಬಳೆಪ್ಪನ ಹೆಸರು ಬರೆದುಕೊಂಡು ತಲೆ ಎತ್ತಿದ.

"ಅಳತಿ ಯಾರದು?"

"ಇವರಪ್ಪಾರದ್ರಿ," ಎಂದಳು ಶಂಕ್ರಮ್ಮ ತಟ್ಟನೆ.

ದೇವೇಂದ್ರಪ್ಪ ತಾಯಿಯ ಕೈ ಹಿಡಿದು ಮೇಜಿನ ಮೇಲಿಟ್ಟ. "ಅಲ್ರಿ, ನಮ್ಮವ್ವಂದು. ತೋಳ ಹೊಡೆದಾಕಿನೂ ಇಕೀನ. ಬರ್ಕೊರ‍್ರಿ."

ಗುಮಾಸ್ತ ಒಮ್ಮೆ ಅವಳ ಬಳೆಯಿಲ್ಲದ ಮುದಿಗೈಯನ್ನು, ಒಮ್ಮೆ ಬಂದೂಕನ್ನು ನೋಡಿ, ಹೆಬ್ಬೆಟ್ಟು ಒತ್ತಲೆಂದು ಮಸಿಯನ್ನು ಅವಳ ಮುಂದೆ ತಳ್ಳಿದ.