ಹುಳುಮನೆ ಬಾಗಿಲಲ್ಲಿ ನಿಂತ ದೊಡ್ಡಮ್ಮ

ಔಷಧಿಯ ವಾಸನೆ ಅದು. ದ್ರಾಕ್ಷಿ ತೋಟಕ್ಕೆ ಹೊಡೆಯುತ್ತಿದ್ದ ಔಷಧಿಯದೇ ವಾಸನೆ. ಚಿಕ್ಕಬಳ್ಳಾಪುರದ ಹೊರಗೆ ಹೊಸದಾಗಿ ಎದ್ದಿರುವ ಲೇಔಟಿನ ಗೇಟಿನಲ್ಲಿ ಮಾಲಿಯೊಬ್ಬ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಗುಲಾಬಿ ಗಿಡಗಳಿಗೆ ಸಿಂಪಡಿಸುತ್ತಿದ್ದ. ಕಾರಿನ ಕಿಟಕಿಯಿಂದ ಅದು ಮೂಗಿಗೆ ಬಡಿದದ್ದೇ ತಡ, ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಇಷ್ಟು ವರ್ಷವಾದ ಮೇಲೂ...

ನಾನೂ ಮಗಳೂ ಅವಳ ಗೆಳತಿಯ ಗೃಹಪ್ರವೇಶಕ್ಕೆ ಬಂದಿದ್ದೆವು. ಗೆಳತಿ ಫೋನ್ ಮಾಡಿ ಹೇಳುವ ತನಕ ಬಿಡುವುದಿಲ್ಲವೆಂದು ಕಾವಲಿನವನು ನಿಲ್ಲಿಸಿದ್ದ. ಗೇಟಿನ ಮೇಲೆ ಹಿತ್ತಾಳೆಯ ದಪ್ಪ ಅಕ್ಷರಗಳಲ್ಲಿ ‘ಟೆಮೆನೊಸ್’ ಎಂದಿತ್ತು. ಇದ್ಯಾವ ಸೀಮೆಯ ಹೆಸರೇ ಎಂದು ಮಗಳನ್ನು ಕೇಳಿದೆ.

ಅವಳು ಕಾಲೇಜೊಂದರಲ್ಲಿ ಕೌನ್ಸೆಲಿಂಗ್ ಮಾಡುತ್ತಾಳೆ, ಅವಳಿಗೆ ಗೊತ್ತಿತ್ತು. ಹಳೇ ಗ್ರೀಕರ ಮಾತಂತೆ. ಊರ ನೆಲದಲ್ಲಿ ಒಂದು ತುಂಡನ್ನು ದೇವರಿಗೆಂದು ಬೇರೆ ಮಾಡಿ ಇಡುತ್ತಿದ್ದರಂತೆ, ಅದು ಟೆಮೆನೊಸ್. ಅವಳ ಓದಿನಲ್ಲಿ, ನೊಂದವರು ಹೆದರದೆ ಬಾಯಿ ಬಿಡಬಹುದಾದ ಕೋಣೆಗೂ ಅದೇ ಹೆಸರು. ನನ್ನ ತಮ್ಮನ ಮಗ ಮೊಬೈಲಿನಲ್ಲಿ ಆಡುವ ಯಾವುದೋ ಆಟದ ಗುಡಿಗೂ ಅದೇ ಹೆಸರು. ಈಗ ಮನೆ ಮಾರುವವರ ಕೈಗೂ ಸಿಕ್ಕಿತು.

“ಅದರೊಳಕ್ಕೆ ಓಡಿ ಬಂದೋರನ್ನ ಯಾರೂ ಎಳ್ಕೊಂಡು ಹೋಗಂಗಿರ್ಲಿಲ್ಲ ಅಮ್ಮ. ಎಳೆದ್ರೆ ದೇವರು ಸುಮ್ನೆ ಬಿಡ್ತಿರ್ಲಿಲ್ಲ,” ಎಂದಳು.

ಅಂಥ ಜಾಗದೊಳಗೆ ನಾನು ಒಂದು ದಿನ ಕೂತಿದ್ದೆ. ಅದಕ್ಕೊಂದು ಹೆಸರಿದೆಯೆಂದು ಯಾರಿಗೆ ಗೊತ್ತಿತ್ತು!

ನಮ್ಮೂರು ಮೇಲೂರಿನಲ್ಲಿ ಪಕ್ಕದ ಮನೆಯಾಕೆಯನ್ನು ನಾವು ದೊಡ್ಡಮ್ಮ ಅನ್ನುತ್ತಿದ್ದೆವು. ರಕ್ತಸಂಬಂಧವೇನೂ ಇರಲಿಲ್ಲ. ಮನೆಗಳ ಹಿಂದಿನ ದ್ರಾಕ್ಷಿ ತೋಟದ ಆಚೆಗೆ ಅವಳ ಹಿಪ್ಪುನೇರಳೆ ತೋಟ, ಅದರ ನಡುವೆ ರೇಷ್ಮೆ ಹುಳು ಸಾಕುವ ಮನೆ. ಹುಳುಮನೆಯ ವಿಷಯದಲ್ಲಿ ಅವಳಷ್ಟು ಗಯ್ಯಾಳಿಯನ್ನು ನಾನು ಕಂಡಿಲ್ಲ. ಕೈಕಾಲು ತೊಳೆಯದೆ ಯಾರೂ ಹೊಸಿಲು ದಾಟುವಂತಿಲ್ಲ, ಹೂ ಮುಡಿದವರಿಗೆ ಪ್ರವೇಶವಿಲ್ಲ. ರೇಷ್ಮೆ ಹುಳುವಿಗೆ ಸಣ್ಣ ಘಾಟೂ ವಿಷ. ಬೀಡಿ ಸೇದಿದನೆಂದು ಸ್ವಂತ ಗಂಡನನ್ನೇ ಒಂದು ಬೆಳೆ ಮುಗಿಯುವ ತನಕ ಹೊರಗೆ ಮಲಗಿಸಿದ್ದಳು. ಪಾಪ, ಆ ಮನುಷ್ಯ ಕೊನೆಗೆ ಬೀಡಿಯನ್ನೇ ಬಿಟ್ಟ.

ನಾನು ಎಸ್ಸೆಸ್ಸೆಲ್ಸಿ ಪಾಸಾದ ಬೇಸಿಗೆ. ಅಮ್ಮನ ತಮ್ಮನಿಗೆ, ನನ್ನ ಎರಡರಷ್ಟು ವಯಸ್ಸಿನ ಮಾವನಿಗೆ, ನನ್ನನ್ನು ಕೊಡುವುದೆಂದು ನಿಶ್ಚಯವಾಗಿತ್ತು. ಓದುತ್ತೇನೆ ಎಂದು ಅತ್ತು ಕರೆದೆ, ಊಟ ಬಿಟ್ಟೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆಯ ಬೆಳಿಗ್ಗೆ ಹಿತ್ತಿಲ ಬಾಗಿಲಿಂದ ಓಡಿದೆ. ರಸ್ತೆಯಲ್ಲಿ ಹೋದರೆ ಸಿಕ್ಕಿಬೀಳುತ್ತೇನೆಂದು ದ್ರಾಕ್ಷಿ ಚಪ್ಪರದ ಅಡಿಯಲ್ಲಿ ಬಗ್ಗಿಕೊಂಡು ಓಡಿದೆ. ಆಗಷ್ಟೇ ಔಷಧಿ ಹೊಡೆದಿದ್ದರು. ಎಲೆಗಳಿಂದ ತೊಟ್ಟಿಕ್ಕುತ್ತಿತ್ತು. ತಲೆ, ಲಂಗ ಎಲ್ಲ ತೊಯ್ದು ಹೋಯಿತು.

ದೊಡ್ಡಮ್ಮ ಹುಳುಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಹಿಂದೆ ಅಪ್ಪನ, ಮಾವನ ಕೂಗು ಕೇಳುತ್ತಿತ್ತು. ಅವಳು ಏನಾಯಿತೆಂದು ಕೇಳಲಿಲ್ಲ, ಮದುವೆ ಮನೆಯ ಸುದ್ದಿ ಅವಳಿಗೆ ಗೊತ್ತೇ ಇತ್ತು. ನನ್ನ ಲಂಗದ ಅಂಚು ಹಿಡಿದು ಮೂಸಿದಳು. ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದಳು... ಆಮೇಲೆ ಬಿಟ್ಟಳು.

“ಒಳಕ್ಕೆ ನಡೆಯಮ್ಮ,” ಎಂದಳು.

ಹುಳು ಸಾಕುವವರ ಮನೆಯಲ್ಲೇ ಹುಟ್ಟಿದವಳು ನಾನು. ಆದರೂ ಆ ಭಯದಲ್ಲಿ ನನಗೆ ಏನೂ ಹೊಳೆಯಲಿಲ್ಲ. ಹುಳುಗಳ ಬಿದಿರು ತಟ್ಟೆಗಳ ನಡುವೆ ಮುದುರಿ ಕೂತೆ. ಸುತ್ತಲೂ ಹುಳುಗಳು ಸರಸರನೆ ಸೊಪ್ಪು ಮೇಯುತ್ತಿದ್ದವು. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಾದ ಹುಳುಗಳು. ಬಸುರಿ ಮಗಳನ್ನು ಹೆರಿಗೆಗೆ ಕರೆತರಲು ದೊಡ್ಡಮ್ಮ ಅದೇ ಬೆಳೆಯನ್ನು ನಂಬಿಕೊಂಡಿದ್ದಳು.

ಹೊರಗೆ ಮಾವ ತೆಲುಗಿನಲ್ಲಿ ಬೈಯುತ್ತಿದ್ದ. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಹುಳ ಹಣ್ಣಾಗೋ ಹೊತ್ತು. ನಾನು ಯಾರನ್ನೂ ಒಳಕ್ಕೆ ಬಿಡಾಕಿಲ್ಲ.”

“ಅವಳು ಒಳಗವ್ಳೆ ಅಕ್ಕ, ನಾನೇ ಕಂಡೆ,” ಎಂದ ಅಪ್ಪ.

“ಇದ್ರೆ ಇರ್ಲಿ. ನೀನೂ ಹುಳ ಸಾಕೋನೇ ಅಲ್ವೇನಪ್ಪ? ಕಾಲಿಡು ನೋಡಣ.”

ಮಾವ ನುಗ್ಗಲು ಹೋದನೆಂದು ಕಾಣುತ್ತದೆ. ಅಪ್ಪನೇ ಅವನ ತೋಳು ಹಿಡಿದ. “ಬೇಡ ಕಣೋ. ಬೆಳೆ ಹೋದ್ರೆ ಪಾಪ ನಮ್ಮ ತಲೆ ಮ್ಯಾಲೆ ಬತ್ತದೆ,” ಎಂದದ್ದು ನನ್ನ ಕಿವಿಗೆ ಬಿತ್ತು. ನನ್ನನ್ನು ಕೊರಳು ಹಿಡಿದು ಹಸೆಮಣೆಗೆ ಕೂರಿಸಲು ಬಂದ ಗಂಡಸರು, ಹುಳುಗಳಿಗೆ ಹೆದರಿ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತರು. ಮುಹೂರ್ತ ಮೀರಿತು. ಮಾವನ ಕಡೆಯವರು ಮುಖ ಕೆಡಿಸಿಕೊಂಡು ಊರಿಗೆ ಹೊರಟರು.

ಅಷ್ಟರಲ್ಲಿ ಒಳಗೆ ಮೇಯುವ ಸದ್ದು ಕಡಿಮೆಯಾಗುತ್ತಾ ಬಂದಿತ್ತು. ಸಂಜೆಗೆ ಪೂರಾ ನಿಂತಿತು. ನನ್ನ ಹತ್ತಿರದ ತಟ್ಟೆಯಲ್ಲಿ ಹುಳುಗಳು ತಲೆಯೆತ್ತಿ ಅತ್ತಿತ್ತ ಒದ್ದಾಡುತ್ತಿದ್ದವು, ಹಸಿರು ನೀರು ಕಾರುತ್ತಿದ್ದವು. ಒಂದಾದ ಮೇಲೊಂದು ತಟ್ಟೆ. ನನ್ನ ಲಂಗವನ್ನು ನಾನೇ ಮೂಸಿ ನೋಡಿಕೊಂಡೆ. ದ್ರಾಕ್ಷಿಗೆ ಹೊಡೆದ ಔಷಧಿ. ಲಂಗವನ್ನು ಮಡಿಲಿಗೆ ಮುದುರಿಕೊಂಡು ತಟ್ಟೆಗಳಿಂದ ದೂರ ಸರಿದೆ.

ಅಪ್ಪ ನನ್ನನ್ನು ಕರೆದೊಯ್ಯಲು ಮತ್ತೆ ಬಂದಾಗ ದೊಡ್ಡಮ್ಮ ಸತ್ತ ಹುಳುಗಳನ್ನು ಗುಂಡಿಗೆ ಸುರಿಯುತ್ತಿದ್ದಳು.

“ಹಾಲು ತೊಂಡೆ ರೋಗ ಬಂತು ಕಣಪ್ಪ,” ಎಂದಳು, ಅವನ ಮುಖ ನೋಡದೆ.

ಅಪ್ಪ ಗುಂಡಿಗೆ ಬಗ್ಗಿ ನೋಡಿದ. ನನ್ನ ಲಂಗ ನೋಡಿದ. ಅದು ರೋಗವಲ್ಲವೆಂದು ಹುಳು ಸಾಕುವವನಿಗೆ ಬಿಡಿಸಿ ಹೇಳಬೇಕೇ? ಅಲ್ಲೇ ನೆಲದ ಮೇಲೆ ಕುಸಿದು ಕೂತುಬಿಟ್ಟ. ಆಮೇಲೆ ನಮ್ಮ ಮನೆಯಲ್ಲಿ ಮದುವೆಯ ಮಾತು ಯಾರೂ ಎತ್ತಲಿಲ್ಲ. ಕಾಲೇಜು ತೆರೆದಾಗ ಅಪ್ಪನೇ ನನ್ನನ್ನು ಚಿಂತಾಮಣಿ ಬಸ್ಸು ಹತ್ತಿಸಿದ. ದೊಡ್ಡಮ್ಮನ ಮಗಳ ಹೆರಿಗೆ ಮಾತ್ರ ಗಂಡನ ಮನೆಯಲ್ಲೇ ಆಯಿತು. ಊರವರು ಕೇಳಿದಾಗಲೆಲ್ಲ ದೊಡ್ಡಮ್ಮ ಹಾಲು ತೊಂಡೆ ಎಂದೇ ಹೇಳಿದಳು.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಗೇಟು ತೆರೆಯಿತು. ಮಗಳು ಕಾರು ಮುಂದಕ್ಕೆ ಬಿಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಕಿಟಕಿಯ ಗಾಜು ಏರಿಸು ಎಂದೆ.

“ಯಾಕಮ್ಮ, ಏನಾಯ್ತು?”

“ಎಳೆದೋರಿಗೆ ಏನಾಗ್ತಿತ್ತು ಅಂತ ಹೇಳ್ದೆ. ಒಳಕ್ಕೆ ಬಿಟ್ಕೊಂಡೋರಿಗೆ ಏನಾಗ್ತಿತ್ತೇ?”

“ಅದನ್ನ ನಾನು ಎಲ್ಲೂ ಓದಿಲ್ಲಮ್ಮ,” ಎಂದಳು.

ನಾನು ಕೇಳಬೇಕಾಗಿದ್ದುದು ದೊಡ್ಡಮ್ಮನೊಬ್ಬಳನ್ನೇ. ಆ ಲಂಗದ ಅಂಚು ಕೈಯಲ್ಲಿದ್ದ ಗಳಿಗೆಯಲ್ಲಿ ಏನು ಅಂದುಕೊಂಡೆ ದೊಡ್ಡಮ್ಮ ಎಂದು... ಅವಳು ಇದ್ದಷ್ಟು ದಿನವೂ ನನಗೆ ಕೇಳುವ ಧೈರ್ಯ ಬರಲಿಲ್ಲ.